ನಿನ್ನೆ ಕೇಳಿದ ವೀಣೆ ಇವತ್ತು ಬೇರೆ

ಮಾತಾಡುತ್ತಿರುವವರು ಇಬ್ಬರು. ಒಬ್ಬರು ವಿದ್ಯುತ್ ಮಂಡಳಿಯಲ್ಲಿ ದುಡಿದು ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ ಎಂಜಿನಿಯರ್. ಇನ್ನೊಬ್ಬಳು ಅವರ ತಂಗಿಯ ಮಗಳು. ಸಾಗರದ ಹತ್ತಿರ ಅಡಿಕೆ ತೋಟದ ಮನೆಯಲ್ಲಿ ಸಂಸಾರ, ಮಕ್ಕಳಿಗೆ ವೀಣೆ ಪಾಠ. ಅವಳ ಹಾಲ್‌ನಲ್ಲಿ ಒಂದು ಆಂಪ್ಲಿಫಯರ್, ಒಂದು ಜೊತೆ ಸ್ಪೀಕರ್, ಸಿ.ಡಿ. ಪ್ಲೇಯರ್ ಮತ್ತು ಮಾವನ ಮನೆಯಿಂದಲೇ ಹೋದ ಹಳೆಯ ರೆಕಾರ್ಡ್ ಪ್ಲೇಯರ್ ಇವೆ.

ಸೊಸೆ: ಮಾವ, ನಗಬಾರದು. ನಮ್ಮ ಮನೆ ಸೆಟ್ಟು ಒಂದೊಂದು ದಿನ ಒಂದೊಂದು ಥರ ಕೇಳುತ್ತೆ. ಅದೇ ಸಿ.ಡಿ., ಅದೇ ಸ್ಪೀಕರ್, ಕುರ್ಚಿಯೂ ಅಲ್ಲೇ. ಒಂದು ದಿನ ತಂತಿ ಮೀಟಿದ್ದು ಬೆರಳಿಗೇ ತಾಗಿದಂತಿರುತ್ತೆ. ಇನ್ನೊಂದು ದಿನ ಸ್ಪೀಕರ್ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗೆ.

ಮಾವ: ನಾನ್ಯಾಕೆ ನಗಲಿ? ಇದನ್ನು ಹೇಳೋಕೆ ಇಷ್ಟು ದಿನ ಬಿಟ್ಟು ಈಗ ಬಂದಿದ್ದೀಯ ಅಂದರೆ ಯಾರೋ ಏನೋ ಮಾರೋಕೆ ನೋಡ್ತಿರಬೇಕು.

ಸೊಸೆ: ಅಂಗಡಿಯವರು ಪವರ್ ಕಂಡೀಷನರ್ ಹಾಕಿಸಿ ಅಂದರು. ಕರೆಂಟು ಕೊಳೆಯಾಗಿದೆ, ಅದನ್ನು ತೊಳೆದು ಕೊಡುವ ಪೆಟ್ಟಿಗೆ ಅಂತೆ. ಆ ದುಡ್ಡಿಗೆ ಒಂದು ಒಳ್ಳೆ ಹಸು ಬರುತ್ತೆ.

ಮಾವ: ಹಸುವೇ ವಾಸಿ. ಆದರೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಮಾತು ಉದ್ದ ಆಗುತ್ತೆ. ನಿಮ್ಮಲ್ಲಿ ವೋಲ್ಟೇಜ್ ಎಷ್ಟಿರುತ್ತೆ?

ಸೊಸೆ: ಫ್ರಿಜ್‌ನ ಸ್ಟೆಬಿಲೈಸರ್ ಮೇಲೆ ಕಾಣುತ್ತಲ್ಲ, ಸುಮಾರಿಗೆ 230. ತೋಟಕ್ಕೆ ತ್ರೀ ಫೇಸ್ ಕೊಟ್ಟ ಕೂಡಲೇ ಊರಿನ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಆಗ 200ಕ್ಕೆ ಬೀಳುತ್ತೆ.

ಮಾವ: ನಮ್ಮ ನಿಯಮದ ಪುಸ್ತಕದಲ್ಲಿ 230, ಆಚೆ ಈಚೆ ಶೇಕಡಾ 6. ಅಂದರೆ 216ಕ್ಕಿಂತ ಕೆಳಗೆ ಹೋಗಬಾರದು. ಪುಸ್ತಕ ಓದಿಕೊಂಡು ಪಂಪ್‌ಸೆಟ್ ಶುರುವಾಗೋದಿಲ್ಲ, ಬಿಡು. ಈಗ ಆಂಪ್ಲಿಫಯರ್ ಒಳಗೆ ಏನಾಗುತ್ತೆ ನೋಡು. ಸ್ಪೀಕರನ್ನು ನಡೆಸುವ ಹಂತಕ್ಕೆ ಸಾಮಾನ್ಯವಾಗಿ ರೆಗ್ಯುಲೇಟರ್ ಹಾಕಿರೋದಿಲ್ಲ. ಗೋಡೆಯಲ್ಲಿ ವೋಲ್ಟೇಜ್ ಇಳಿದಷ್ಟೂ ಒಳಗೂ ಇಳಿಯುತ್ತೆ. ಪವರ್ ಅನ್ನೋದು ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ. 230 ಹೋಗಿ 200 ಆದರೆ ಪವರ್‌ನಲ್ಲಿ ಹತ್ತಿರಹತ್ತಿರ ಕಾಲು ಭಾಗ ಹೋಯ್ತು. 50 ವಾಟಿನ ಪೆಟ್ಟಿಗೆ 38 ವಾಟಿನದಾಯ್ತು.

ಸೊಸೆ: ಕಾಲು ಭಾಗ ಹೋಯ್ತಾ! ಮತ್ತೆ ಅಂಗಡಿಯವರು ಹೇಳಿದ್ದು ಸರಿಯಾಯ್ತಲ್ಲ.

ಮಾವ: ತಡಿ. ಕಾಲು ಭಾಗ ಅಂದರೆ ಕಿವಿಗೆ ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚು. ಅದೂ ವಾಲ್ಯೂಮ್ ತುದಿಗೆ ತಿರುಗಿಸಿದವರಿಗೆ. ನೀನು ಮನೇಲಿ ವೀಣೆ ಕೇಳೋದು ಒಂದು ವಾಟಿನಲ್ಲಿ, ಅಥವಾ ಅದಕ್ಕೂ ಕಡಿಮೆಯಲ್ಲಿ. ಅಷ್ಟು ಮೆಲ್ಲಗೆ ಕೇಳುವಾಗ ಆಂಪ್ಲಿಫಯರ್‌ನ ಗೇನ್ ಗೋಡೆಯ ವೋಲ್ಟೇಜನ್ನು ಕೇಳಿಕೊಂಡು ನಿಂತಿಲ್ಲ. ಒಳಗಿನ ಫೀಡ್‌ಬ್ಯಾಕ್ ಸರ್ಕ್ಯೂಟ್ ಅದನ್ನು ಹಿಡಿದಿಟ್ಟಿರುತ್ತೆ. ವಾಲ್ವ್ ಸೆಟ್ಟಾಗಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ. ಅದರಲ್ಲಿ ಫಿಲಮೆಂಟ್ ಕಾಯೋದೂ ಇದೇ ಕರೆಂಟಿನಿಂದ. 6.3 ವೋಲ್ಟ್ ಬೇಕಾದಲ್ಲಿ ಐದೂವರೆ ಸಿಕ್ಕರೆ ವಾಲ್ವ್ ಸೊರಗುತ್ತೆ, ನಾದವೂ ಸೊರಗುತ್ತೆ. ನಿನ್ನದು ಟ್ರಾನ್ಸಿಸ್ಟರ್.

ಸೊಸೆ: ಹಾಗಾದರೆ ಕರೆಂಟಿನಿಂದ ಏನೂ ಆಗಲ್ಲ ಅಂತೀರಾ? ನಾನು ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ನಿಮ್ಮಲ್ಲಿಗೆ ಬರುತ್ತಿದ್ದೆ, ನೆನಪಿದೆಯಾ? ನೀವು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕ್ತಿದ್ದಿರಿ. ನಾನು ಶ್ರುತಿಪೆಟ್ಟಿಗೆ ಹಿಡಿದು ಅವರ ಷಡ್ಜಕ್ಕೆ ಕೂಡಿಸೋಕೆ ಹೋದರೆ ಬೆಳಿಗ್ಗೆ ಕೂಡಿದ್ದು ಸಂಜೆ ಕೂಡುತ್ತಿರಲಿಲ್ಲ. ಅತ್ತೆ ನನ್ನ ಕಿವೀನೇ ಸರಿಯಿಲ್ಲ ಅಂದುಬಿಟ್ಟರು.

ಮಾವ: ನಿನ್ನ ಕಿವಿ ಸರಿಯಾಗೇ ಇತ್ತು. ಗ್ರಿಡ್ ಸರಿ ಇರಲಿಲ್ಲ. ಆ ಪ್ಲೇಯರ್‌ನಲ್ಲಿರೋದು ಸಿಂಕ್ರೊನಸ್ ಮೋಟಾರು. ಅದು ವೋಲ್ಟೇಜಿಗೆ ಸೊಪ್ಪು ಹಾಕೋದಿಲ್ಲ. ಫ್ರೀಕ್ವೆನ್ಸಿ ಹೇಳಿದ ಹಾಗೆ ಕೇಳುತ್ತೆ. ಕರೆಂಟಿನ ಅಲೆ ಸೆಕೆಂಡಿಗೆ 50 ಸಲ ಏರಿ ಇಳಿದರೆ ತಟ್ಟೆ ನಿಮಿಷಕ್ಕೆ 33⅓ ಸುತ್ತು. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದ ಜೊತೆ ಹೆಜ್ಜೆ ಕೂಡಿಸಿಕೊಂಡಿರಲಿಲ್ಲ, ತನ್ನ ಪಾಡಿಗೆ ತಾನಿತ್ತು. ಶರಾವತಿ, ರಾಯಚೂರು, ನೈವೇಲಿ, ರಾಮಗುಂಡಂ, ಎಲ್ಲ ಕಡೆಯ ಯಂತ್ರಗಳೂ ಒಂದೇ ಲಯದಲ್ಲಿ ತಿರುಗಬೇಕು. ಬೇಡಿಕೆ ಜಾಸ್ತಿಯಾಗಿ ಉತ್ಪಾದನೆ ಸಾಲದೆ ಹೋದರೆ ಎಲ್ಲವೂ ಒಟ್ಟಿಗೇ ನಿಧಾನ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆನಂದರಾವ್ ಸರ್ಕಲ್ ಹತ್ತಿರದ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಲ್ಲಿ ಮೀಟರ್ ಮುಂದೆ ಕೂತರೆ 48.5 ಹರ್ಟ್ಸ್, ಕೆಟ್ಟ ದಿನಗಳಲ್ಲಿ ಅದಕ್ಕೂ ಕೆಳಗೆ. ರಾತ್ರಿ ಊರು ಮಲಗಿದ ಮೇಲೆ 50ನ್ನೂ ದಾಟುತ್ತಿತ್ತು.

ಸೊಸೆ: 48.5 ಅಂದರೆ ಶ್ರುತಿ ಎಷ್ಟು ಇಳಿಯುತ್ತೆ?

ಮಾವ: ಶೇಕಡಾ 3. ಹಾರ್ಮೋನಿಯಂನಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ಶೇಕಡಾ 6ರ ಹತ್ತಿರ ಅಂತರ. ಅದರಲ್ಲಿ ಅರ್ಧ ಇಳಿದಿರುತ್ತೆ. ಮನ್ಸೂರರ ಷಡ್ಜ ಎರಡು ಮನೆಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ನಿನ್ನ ಶ್ರುತಿಪೆಟ್ಟಿಗೆ ಏನು ಮಾಡಬೇಕು? 20 ನಿಮಿಷದ ಒಂದು ಬದಿ ಮುಗಿಯೋಕೆ ಅರ್ಧ ನಿಮಿಷಕ್ಕೂ ಜಾಸ್ತಿ ಹೆಚ್ಚಿಗೆ ಹಿಡಿಯುತ್ತಿತ್ತು. ವಿಲಂಬಿತ ಇನ್ನಷ್ಟು ವಿಲಂಬಿತ.

ಸೊಸೆ: ತಟ್ಟೆ ಮೇಲಿಟ್ಟು ವೇಗ ನೋಡುವ ಒಂದು ರಟ್ಟು ಇತ್ತಲ್ಲ, ಸುತ್ತ ಕಪ್ಪು ಗೆರೆ ಇರೋದು. ಟ್ಯೂಬ್‌ಲೈಟ್ ಕೆಳಗೆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯಿದೆ ಅಂತ. ಸಂಜೆಯೂ ಅವು ನಿಂತೇ ಇರುತ್ತಿದ್ದವು.

ಮಾವ: ನಿಲ್ಲದೆ ಏನು ಮಾಡುತ್ತವೆ? ಆ ರಟ್ಟಿನಲ್ಲಿ 180 ಗೆರೆ. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗಿದಾಗ, ತಟ್ಟೆ 33⅓ರಲ್ಲಿ ತಿರುಗಿದರೆ ಗೆರೆ ನಿಂತಂತೆ ಕಾಣಬೇಕು. ಆದರೆ ಟ್ಯೂಬ್‌ಲೈಟ್ ಮಿನುಗೋದೂ ಅದೇ ಕರೆಂಟಿನಿಂದ. ಮೋಟಾರೂ ನಿಧಾನ, ಮಿನುಗೂ ಅಷ್ಟೇ ನಿಧಾನ. ಸಾಕ್ಷಿ ಕಳ್ಳನ ಜೊತೆ ಶಾಮೀಲು. ಸಿಂಕ್ರೊನಸ್ ಮೋಟಾರಿಗೆ ಆ ರಟ್ಟಿನ ಪರೀಕ್ಷೆ ಯಾವತ್ತೂ ಪಾಸೇ. ನಿಜ ಬೇಕಿದ್ದರೆ ರೆಕಾರ್ಡ್ ಮೇಲೆ ಒಂದು ಚೂರು ಕಾಗದ ಇಟ್ಟು ಕೈಗಡಿಯಾರ ನೋಡಿ ಸುತ್ತು ಎಣಿಸಬೇಕು. ಮೂರು ನಿಮಿಷಕ್ಕೆ 100 ಸುತ್ತು ಬರಬೇಕು. 48.5ರಲ್ಲಿ 97 ಬರುತ್ತೆ.

ಸೊಸೆ: ಈಗಲೂ ಹಾಗೇ ಆಗುತ್ತಾ? ಅದೇ ಪ್ಲೇಯರ್ ತಾನೇ ನಮ್ಮನೇಲಿರೋದು.

ಮಾವ: ಈಗಿಲ್ಲ. 2003ರ ಜನವರಿಯಿಂದ ದಕ್ಷಿಣದಲ್ಲಿ ಹೊಸ ದರಪದ್ಧತಿ ಬಂತು. ಫ್ರೀಕ್ವೆನ್ಸಿ ಬಿದ್ದಿರುವಾಗ ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡವರಿಗೆ ಹೆಚ್ಚು ಬಿಲ್ಲು. ದುಡ್ಡಿನ ಬಿಸಿ ತಾಗಿದ ಮೇಲೆ ಎಲ್ಲ ರಾಜ್ಯಗಳಿಗೂ ಶಿಸ್ತು ಬಂತು. ಆಮೇಲೆ 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಸೇರಿಕೊಂಡಿತು. ಈಗ ಹಾಕಿಕೊಂಡ ಮಿತಿ 49.90ರಿಂದ 50.05 ಹರ್ಟ್ಸ್. ಅಷ್ಟರಲ್ಲಿ ಆಗುವ ಶ್ರುತಿವ್ಯತ್ಯಾಸ ಹಿಡಿಯೋಕೆ ನಿನ್ನ ಕಿವಿಯಿಂದಲೂ ಆಗೋದಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೂ ವಿಚಿತ್ರ ಇತ್ತು ಕಣೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು 25 ಹರ್ಟ್ಸ್‌ನದ್ದು. ನಿನ್ನ ಪ್ಲೇಯರ್‌ನ ಅದಕ್ಕೆ ಹಾಕಿದ್ದರೆ ಮನ್ಸೂರರು ಒಂದು ಸ್ಥಾಯಿ ಕೆಳಗೆ ಇಳಿದುಬಿಡುತ್ತಿದ್ದರು.

ಸೊಸೆ: ಈಗಿಲ್ಲ ಅಂದಮೇಲೆ ಕಂಬಳಿ ಹೊದಿಸುವವರು ಯಾರು?

ಮಾವ: ಕರೆಂಟಿನದ್ದೇ ಇನ್ನೊಂದು ಚೂರು ಬಾಕಿ ಇದೆ. ನಿಮ್ಮಲ್ಲಿ ಕರೆಂಟು ಹೋದಾಗ ಯಾವ ಇನ್ವರ್ಟರ್?

ಸೊಸೆ: ಹಳೇದು. ಅದು ಓಡುವಾಗ ಫ್ಯಾನ್ ಗುಂಯ್ ಅನ್ನುತ್ತೆ. ಆಂಪ್ಲಿಫಯರ್ ಕೂಡ.

ಮಾವ: ಅಂದರೆ ಸ್ಕ್ವೇರ್ ವೇವ್. ಕರೆಂಟಿನ ಅಲೆ ನುಣ್ಣಗೆ ಏರಿ ಇಳಿಯುವ ಬದಲು ಮೆಟ್ಟಿಲು ಹತ್ತಿ ಇಳಿಯುತ್ತೆ. ಆ ಮೆಟ್ಟಿಲಿನ ಅಂಚಿನಲ್ಲಿ 150, 250, 350 ಹರ್ಟ್ಸ್, ಹೀಗೆ ಮೇಲುಮೇಲಿನ ಕಂಪನಗಳೆಲ್ಲ ತುಂಬಿರುತ್ತವೆ. ಟ್ರಾನ್ಸ್‌ಫಾರ್ಮರ್ ಅದಕ್ಕೇ ಗುಂಯ್ಗುಡೋದು. ಅಲ್ಲಿ ನಿನ್ನ ಅಂಗಡಿಯವರ ಮಾತು ನಿಜ. ಆದರೆ ಅದರ ಮದ್ದು ಸೈನ್ ವೇವ್ ಇನ್ವರ್ಟರ್, ತೊಳೆಯುವ ಪೆಟ್ಟಿಗೆ ಅಲ್ಲ. ಇನ್ನೂ ಒಂದಿದೆ. ಮನೇಲಿ ಯಾರಾದರೂ ಹೇರ್ ಡ್ರೈಯರ್‌ನ ಅರ್ಧ ಬಿಸಿಯಲ್ಲಿಟ್ಟು ತಲೆ ಒಣಗಿಸಿಕೊಂಡರೆ ಕೆಲವು ಡ್ರೈಯರ್‌ಗಳು ಅಲೆಯ ಒಂದೇ ಮಗ್ಗುಲನ್ನು ಎಳೆಯುತ್ತವೆ. ಆಗ ಲೈನಿನಲ್ಲಿ ಚೂರು ಡಿ.ಸಿ. ಸೇರಿಕೊಳ್ಳುತ್ತೆ. ಬಳೆಯಾಕಾರದ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫಯರ್‌ಗೆ ಅದು ಆಗಿಬರೋದಿಲ್ಲ, ಮೈಯೆಲ್ಲ ನಡುಗಿಸುತ್ತೆ. ಡ್ರೈಯರ್ ಆಫ್ ಮಾಡಿದರೆ ಮೌನ. ಜನ ಮೆಕ್ಯಾನಿಕ್‌ನ ಕರೆಸುತ್ತಾರೆ, ಅವನು ಬರುವಷ್ಟರಲ್ಲಿ ತಲೆ ಒಣಗಿರುತ್ತೆ.

ಸೊಸೆ: ಬೇಸಿಗೆಯಲ್ಲಿ ಒಂದು ಹಮ್ ಬರುತ್ತೆ. ಮಳೆಗಾಲದಲ್ಲಿ ಇರಲ್ಲ.

ಮಾವ: ಅರ್ಥಿಂಗ್ ನೋಡಿಸು. ಹಿತ್ತಿಲಿನ ಅರ್ಥ್ ಗುಂಡಿ ಏಪ್ರಿಲ್‌ನಲ್ಲಿ ಒಣಗಿ ಬಿರುಕು ಬಿಟ್ಟಿರುತ್ತೆ, ಮಣ್ಣಿನ ರೆಸಿಸ್ಟನ್ಸ್ ಏರಿಬಿಡುತ್ತೆ. ಒಂದು ಕೊಡ ನೀರು ಹೊಯ್ದು ಹಮ್ ಕಡಿಮೆಯಾಯಿತಾ ನೋಡು. ಕಡಿಮೆಯಾದರೆ ಕಾರಣ ಸಿಕ್ಕಿತು. ಆಗದಿದ್ದರೆ ಟಿ.ವಿ.ಯ ಕೇಬಲ್ ಕಿತ್ತು ನೋಡು. ಎರಡು ದಾರಿಯಿಂದ ಭೂಮಿ ಮುಟ್ಟಿದರೆ ಆ ಎರಡರ ನಡುವೆ ಸುತ್ತು ಹೊಡೆಯುವ ಕರೆಂಟೂ ಹಮ್ ತರುತ್ತೆ.

ಸೊಸೆ: ಇದೆಲ್ಲ ಸದ್ದು ಸೇರಿಕೊಂಡ ಕಥೆ, ಮಾವ. ನನ್ನ ದೂರು ಅದಲ್ಲ. ಹಮ್ ಇಲ್ಲ, ಗುಂಯ್ ಇಲ್ಲ, ಆದರೂ ನಾದ ಮಂಕು. ನನ್ನ ವೀಣೆಯನ್ನೇ ತಗೊಳ್ಳಿ. ಬಿಸಿಲು ಜಾಸ್ತಿಯಾದರೆ ಮೇಣ ಮೆತ್ತಗಾಗಿ ಮೆಟ್ಟಿಲು ಸರಿಯುತ್ತೆ, ಮೇಳ ಕಟ್ಟಿಸಬೇಕಾಗುತ್ತೆ. ಮಳೆ ಹಿಡಿದರೆ ಮೃದಂಗದವರು ಕಲ್ಲು ಹಿಡಿದು ಕೂರುತ್ತಾರೆ. ಸ್ಪೀಕರ್‌ನಲ್ಲಿರೋದೂ ಕಾಗದ, ರಬ್ಬರು, ಬಟ್ಟೆ. ಅದಕ್ಕೆ ಹವೆ ತಾಗೋದಿಲ್ವಾ?

ಮಾವ: ತಾಗುತ್ತೆ. ಕಾಗದದ ಕೋನ್ ತೇವ ಹೀರಿ ಚೂರು ತೂಕ ಏರುತ್ತೆ. ಕೋನನ್ನು ಹಿಡಿದ ಅಂಚು ಚಳಿಗೆ ಬಿಗಿ, ಸೆಕೆಗೆ ಸಡಿಲ. ಡಿಸೆಂಬರ್ ಬೆಳಿಗ್ಗೆ ನಿಮ್ಮಲ್ಲಿ ಕೊರೆಯುತ್ತಲ್ಲ, ಆಗ ರೆಕಾರ್ಡಿನ ಮುಳ್ಳು ಹಿಡಿದಿರುವ ಕಾರ್ಟ್ರಿಜ್ ಒಳಗಿನ ರಬ್ಬರ್ ಗಟ್ಟಿಯಾಗಿರುತ್ತೆ. ಕಂಪನಿಗಳು ಅದನ್ನು ಲೆಕ್ಕ ಹಾಕಿರೋದು 20–25 ಡಿಗ್ರಿಗೆ. ಎಲ್‌ಪಿ ಬೆಳಿಗ್ಗೆ ಒರಟು, ಮಧ್ಯಾಹ್ನ ಮೃದು ಅನ್ನಿಸಿದರೆ ಅದು ಭ್ರಮೆಯಲ್ಲ. ಮಳೆಗಾಲದಲ್ಲಿ ರೆಕಾರ್ಡಿನ ಗೆರೆಗಳಲ್ಲಿ ಬೂಷ್ಟು ಕೂತರೆ ಕರಕರ ಬರುತ್ತೆ, ಅದು ನಿನಗೇ ಗೊತ್ತು. ಆದರೆ ಸ್ಪೀಕರ್ ಮಟ್ಟಿಗೆ ನೀನಂದುಕೊಂಡಷ್ಟು ಇಲ್ಲ. ವೀಣೆ, ಮೃದಂಗ ಬಿಗಿತದ ಮೇಲೆ ನಿಂತ ವಾದ್ಯ, ಕೂದಲೆಳೆ ಸಡಿಲಾದರೂ ಶ್ರುತಿ ಹೋಯ್ತು. ಸ್ಪೀಕರ್‌ಗೆ ತನ್ನದೇ ಶ್ರುತಿ ಇರಬಾರದು ಅಂತಲೇ ಅದನ್ನು ಮಾಡಿರೋದು.

ಸೊಸೆ: ಗಾಳಿ? ತೇವದ ಗಾಳಿಯಲ್ಲಿ ಸದ್ದು ಭಾರವಾಗಿ ಬರುತ್ತೆ ಅಂತಾರೆ.

ಮಾವ: ಅದು ತಿರುಗುಮುರುಗು. ತಾರ ಸ್ವರಗಳನ್ನು ಹೆಚ್ಚು ನುಂಗೋದು ಒಣ ಗಾಳಿ. ಬಳ್ಳಾರಿಯ ಏಪ್ರಿಲ್ ನುಂಗಿದಷ್ಟು ಸಾಗರದ ಜುಲೈ ನುಂಗೋದಿಲ್ಲ. ಅದೂ ಹತ್ತು ಅಡಿ ದೂರದಲ್ಲಿ ಕೂತರೆ 10,000 ಹರ್ಟ್ಸ್‌ನಂಥ ಎತ್ತರದಲ್ಲೂ ಒಂದು ಡೆಸಿಬೆಲ್‌ನ ಒಳಗಿನ ಮಾತು. ಸೆಕೆಗೆ ಸದ್ದಿನ ವೇಗ ಏರುತ್ತೆ, 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 30ರಲ್ಲಿ 349. ಶೇಕಡಾ 2ಕ್ಕೂ ಕಡಿಮೆ. ಅದರಿಂದ ಕಂಬಳಿ ಬರೋದಿಲ್ಲ.

ಸೊಸೆ: ನನಗೆ ಕಂಬಳಿ ಹೊದಿಸೋದು ಹೆಚ್ಚಾಗಿ ಮಳೆಗಾಲದಲ್ಲೇ. ಜೂನ್ ಕೊನೆಗೆ ಶುರುವಾದರೆ ನವರಾತ್ರಿಯ ಹೊತ್ತಿಗೆ ಸರಿಹೋಗುತ್ತೆ.

ಮಾವ: ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಹಾಕ್ತೀಯ?

ಸೊಸೆ: ಇನ್ನೆಲ್ಲಿ, ಹಾಲ್‌ನಲ್ಲೇ. ಹಗ್ಗ ಕಟ್ಟಿ. ಹೊರಗೆ ಹಾಕಿದರೆ ವಾರವಾದರೂ ಒಣಗಲ್ಲ. ಸೀರೆ, ಲುಂಗಿ, ಹೊದಿಕೆ... ಅಯ್ಯೋ.

ಮಾವ: ಕಂಬಳಿ ಸ್ಪೀಕರ್ ಮೇಲಿಲ್ಲ, ಹಗ್ಗದ ಮೇಲಿದೆ.

ಸೊಸೆ: ನಿಜವಾಗ್ಲೂ ಅಷ್ಟು ವ್ಯತ್ಯಾಸ ಆಗುತ್ತಾ? ನಾಲ್ಕು ಸೀರೆಗೆ?

ಮಾವ: ನಾಲ್ಕು ಸೀರೆ ಇರಲಿ, ಮೈಮೇಲಿನ ಕೋಟಿಗೂ ಆಗುತ್ತೆ. ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲೇಸ್ ಸಬೈನ್ ಅಂತ ಒಬ್ಬ ಭೌತಶಾಸ್ತ್ರದ ಮೇಷ್ಟ್ರು. 1895ರಲ್ಲಿ ಅವನಿಗೆ ಒಂದು ಕೆಲಸ ಬಂತು. ಹೊಸದಾಗಿ ಕಟ್ಟಿಸಿದ ಫಾಗ್ ಮ್ಯೂಸಿಯಂನ ಉಪನ್ಯಾಸದ ಹಾಲ್‌ನಲ್ಲಿ ಒಂದು ಮಾತು ಆಡಿದರೆ ಅದರ ಗುಂಗು ಐದಾರು ಸೆಕೆಂಡು ತಿರುಗುತ್ತಿತ್ತು, ಮುಂದಿನ ಮಾತುಗಳೆಲ್ಲ ಅದರಲ್ಲಿ ಕಲಸಿಹೋಗುತ್ತಿದ್ದವು. ಸರಿಮಾಡು ಅಂದರು. ಅವನ ಹತ್ತಿರ ಇದ್ದದ್ದು ಒಂದು ಆರ್ಗನ್ ಕೊಳವೆ, ಸಮಯ ಅಳೆಯುವ ಸಾಧನ ಮತ್ತು ಅವನ ಕಿವಿ. ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಕುರ್ಚಿಯ ದಿಂಬುಗಳನ್ನು ಹೊರಿಸಿ ತಂದು ಒಂದೊಂದಾಗಿ ಹಾಲ್‌ನಲ್ಲಿಟ್ಟು, ಕೊಳವೆ ಊದಿ ನಿಲ್ಲಿಸಿ, ಗುಂಗು ಸಾಯೋಕೆ ಎಷ್ಟು ಹೊತ್ತು ಅಂತ ಅಳೆದ. ಹಗಲು ಬೀದಿ ಸದ್ದು, ಹಾಗಾಗಿ ರಾತ್ರಿಯಲ್ಲೇ ಕೆಲಸ. ಬೆಳಗಾಗುವ ಮೊದಲು ದಿಂಬು ವಾಪಸ್ ಹೊರಿಸಬೇಕು.

ಸೊಸೆ: ಎಷ್ಟು ತಾಳ್ಮೆ!

ಮಾವ: ತಾಳ್ಮೆಯ ಪರೀಕ್ಷೆ ಮುಂದಿದೆ. ಅಳತೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೊನೆಗೆ ನೋಡಿದರೆ ವ್ಯತ್ಯಾಸಕ್ಕೆ ಕಾರಣ ಅವನು ಹಾಕಿಕೊಳ್ಳುತ್ತಿದ್ದ ಬಟ್ಟೆ. ಆ ಸಂಖ್ಯೆಗಳನ್ನೆಲ್ಲ ಪಕ್ಕಕ್ಕಿಟ್ಟು, ಆಮೇಲೆ ಪ್ರಯೋಗಕ್ಕೆ ಹೋಗುವಾಗಲೆಲ್ಲ ಅದೇ ಕೋಟು, ಅದೇ ಷರಾಯಿ, ಅದೇ ಬೂಟು. ಅದರಿಂದ ಹುಟ್ಟಿದ ಲೆಕ್ಕವೇ ಇವತ್ತಿಗೂ ಹಾಲ್ ಕಟ್ಟುವವರೆಲ್ಲ ಹಾಕುವ ಲೆಕ್ಕ. 1900ರಲ್ಲಿ ತೆರೆದ ಬಾಸ್ಟನ್‌ನ ಸಿಂಫೊನಿ ಹಾಲನ್ನು ಅವನ ಲೆಕ್ಕದ ಪ್ರಕಾರವೇ ಕಟ್ಟಿದ್ದು. ಒಬ್ಬ ಮನುಷ್ಯನ ಕೋಟೇ ಅಳತೆ ಬದಲಿಸಿದರೆ, ನಿನ್ನ ಹದಿನೆಂಟಕ್ಕೆ ಹನ್ನೆರಡರ ಹಾಲ್‌ನಲ್ಲಿ ಅಡ್ಡಕ್ಕೆ ನೇತುಹಾಕಿದ ಸೀರೆ, ಹೊದಿಕೆ ಏನು ಮಾಡಲಿಕ್ಕಿಲ್ಲ? ಬಟ್ಟೆ ನುಂಗೋದು ತಾರ ಸ್ವರಗಳನ್ನೇ. ಮೃದಂಗದ ತೊಪ್ಪಿಗೆ ಅದು ಅಡ್ಡವೇ ಅಲ್ಲ, ಹಾದುಹೋಗುತ್ತೆ. ತಂತಿಯ ಮಿಂಚು, ಉಗುರಿನ ಸದ್ದು, ತಂಬೂರಿಯ ಜೀವಾಳದ ಝೇಂಕಾರ, ಅವು ಬಟ್ಟೆಯಲ್ಲಿ ಉಳಿದುಬಿಡುತ್ತವೆ. ನೀನು ಮಂಕು ಅನ್ನೋದು ಅದನ್ನೇ.

ಸೊಸೆ: ಅಡಿಕೆ ಕೊಯ್ಲಿನಲ್ಲೂ ಸ್ವಲ್ಪ ಹಾಗೇ ಆಗುತ್ತೆ. ಆಗ ಹಾಲ್‌ನ ಮೂಲೆಯಲ್ಲಿ ಗೋಣಿಚೀಲ ಪೇರಿಸಿರುತ್ತಾರೆ.

ಮಾವ: ನೋಡು, ನೀನೇ ಹೇಳ್ತಿದ್ದೀಯ. ಮನೆ ಅಂದರೆ ದಿನಕ್ಕೊಂದು ಹಾಲ್ ಕಟ್ಟಿದ ಹಾಗೆ. ಬಾಗಿಲು ತೆರೆದಿದ್ದರೆ ಒಂದು, ಹಾಕಿದ್ದರೆ ಒಂದು. ಹಬ್ಬಕ್ಕೆ ಬಂದ ನೆಂಟರು ಹತ್ತು ಜನ ಕೂತರೆ ಇನ್ನೊಂದು. ಕುರ್ಚಿ ಅಲ್ಲೇ ಇದೆ ಅಂದೆಯಲ್ಲ, ನಿಜವಾಗಿಯೂ ಅಲ್ಲೇ ಇದೆಯಾ?

ಸೊಸೆ: ಗುಡಿಸುವಾಗ ಸರಿಸಿರಬಹುದು. ಒಂದು ಗೇಣು ಆಚೆ ಈಚೆ.

ಮಾವ: ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ 47 ಹರ್ಟ್ಸ್‌ನಲ್ಲಿ ಒಂದು ಅಲೆ ಗೋಡೆಯಿಂದ ಗೋಡೆಗೆ ನಿಲ್ಲುತ್ತೆ, 94ರಲ್ಲಿ ಎರಡನೆಯದು. ಆ ಎರಡನೆಯದು ಪಕ್ಕದ ಗೋಡೆಯಿಂದ ಮೂರು ಅಡಿ ದೂರದಲ್ಲಿ ಸತ್ತಿರುತ್ತೆ, ಗೋಡೆಗೆ ಒತ್ತಿ ಕೂತರೆ, ನಡುಮಧ್ಯೆ ಕೂತರೆ ಉಬ್ಬಿರುತ್ತೆ. ಮೃದಂಗದ ತೊಪ್ಪಿಯ ಗುಮುಕಿ ಇರೋದು ಸರಿಸುಮಾರು ಆ ಆಸುಪಾಸಿನಲ್ಲಿ. ಕುರ್ಚಿ ಸರಿದರೆ ಮೃದಂಗದವರು ಕೈ ಬದಲಿಸಿದಂತೆ ಕೇಳುತ್ತೆ. ತಾರದಲ್ಲಂತೂ 10,000 ಹರ್ಟ್ಸ್‌ನ ಒಂದು ಅಲೆ ಮೂರೂವರೆ ಸೆಂಟಿಮೀಟರೂ ಇಲ್ಲ. ಗೇಣು ಬೇಡ, ತಲೆ ವಾಲಿಸಿದರೆ ಸಾಕು.

ಸೊಸೆ: ಹಾಗಂತ ಮಳೆಗಾಲದ ಲೆಕ್ಕವನ್ನೆಲ್ಲ ಸೀರೆಗೆ ಬರೆಯೋಕಾಗಲ್ಲ. ಬಟ್ಟೆ ಇಲ್ಲದ ದಿನವೂ ಮಳೆ ಬಂದರೆ ಬೇರೆ ಥರ.

ಮಾವ: ಮಳೆಯ ಸದ್ದೇ ಇದೆಯಲ್ಲ, ಹೆಂಚಿನ ಮೇಲೆ. ಮಳೆಯಲ್ಲಿ ಎಲ್ಲ ಎತ್ತರದ ಸದ್ದೂ ಒಟ್ಟಿಗೇ ಇರುತ್ತೆ. ಅದು ಮೊದಲು ಮುಚ್ಚೋದು ಮೆಲ್ಲಗಿನದ್ದನ್ನ. ತಂತಿ ಮೀಟಿದ ಕ್ಷಣ ನಿನಗೆ ಕೇಳುತ್ತೆ. ಮೀಟಿದ ಮೇಲೆ ಗಮಕದ ಜೊತೆ ಇಳಿದುಹೋಗುವ ಬಾಲ ಇದೆಯಲ್ಲ, ಅದು ಮಳೆಯೊಳಗೆ ಮುಳುಗುತ್ತೆ. ವೀಣೆಯ ಜೀವ ಇರೋದೇ ಆ ಬಾಲದಲ್ಲಿ. ಆಗ ನೀನು ಏನು ಮಾಡ್ತೀಯ? ವಾಲ್ಯೂಮ್ ಏರಿಸ್ತೀಯ. ಏರಿಸಿದ ಕೂಡಲೇ ಇನ್ನೊಂದು ಬದಲಾಗುತ್ತೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳೋದಿಲ್ಲ, ಜೋರಾದಷ್ಟೂ ಮಂದ್ರ ತುಂಬಿಕೊಳ್ಳುತ್ತೆ. ಹಳೇ ಆಂಪ್ಲಿಫಯರ್‌ಗಳಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇರುತ್ತಿದ್ದದ್ದು ಅದಕ್ಕೇ. ನೀನು ನಿನ್ನೆ ರಾತ್ರಿ ಮಕ್ಕಳು ಮಲಗಿದ್ದಾರೆ ಅಂತ ಮೆಲ್ಲಗೆ ಕೇಳಿದ್ದು, ಇವತ್ತು ಮಳೆ ಅಂತ ಜೋರಾಗಿ ಕೇಳಿದ್ದು, ಕಿವಿಯ ಮಟ್ಟಿಗೆ ಎರಡು ಬೇರೆ ರೆಕಾರ್ಡಿಂಗ್.

ಸೊಸೆ: ಮೊಬೈಲಿನಿಂದ ಹಾಕಿದರೂ ಹೀಗೇ.

ಮಾವ: ಅದರಲ್ಲಿ ನಿಜವಾಗಿಯೂ ಬೇರೆ ರೆಕಾರ್ಡಿಂಗ್ ಬರಬಹುದು. ಕ್ವಾಲಿಟಿಯನ್ನು ಆಟೋಮ್ಯಾಟಿಕ್‌ನಲ್ಲಿಟ್ಟರೆ ನೆಟ್‌ವರ್ಕ್ ಕುಂಟಿದಾಗ ಆ್ಯಪ್ ತಾನಾಗೇ ಸಣ್ಣ ಫೈಲಿಗೆ ಇಳಿದುಬಿಡುತ್ತೆ. ಸೆಟ್ಟಿಂಗ್ ಬದಲಿಸು, ಮುಗೀತು. ಸಿ.ಡಿ.ಗೆ ಆ ರೋಗ ಇಲ್ಲ. ಅದರಲ್ಲಿರುವ ಅಂಕೆಗಳು ಮಳೆಗೂ ಚಳಿಗೂ ಬದಲಾಗೋದಿಲ್ಲ.

ಸೊಸೆ: ಕಿವಿಯ ಮಾತು ಇಷ್ಟು ಹೊತ್ತು ತಪ್ಪಿಸಿಕೊಂಡು ಬಂದಿರಿ. ಕೊನೆಗೆ ಅಲ್ಲಿಗೇ ಬರ್ತೀರಿ ಅಂತ ಗೊತ್ತು.

ಮಾವ: ಬರದೆ ಆಗೋದಿಲ್ಲ ಮಾರಾಯ್ತಿ. ಈ ಸಾಲಿನಲ್ಲಿ ಕಿವಿಯೂ ದಿನದಿನ ಬದಲಾಗುವ ಯಂತ್ರವೇ. ಶೀತವಾಗಿ ಮೂಗು ಕಟ್ಟಿದರೆ ಕಿವಿತಮಟೆಯ ಎರಡು ಬದಿಯ ಗಾಳಿಯ ಒತ್ತಡ ಸಮ ಇರೋದಿಲ್ಲ, ಲೋಕವೆಲ್ಲ ದೂರ. ಕುಗ್ಗೆ ತುಂಬಿದರೂ ಅಷ್ಟೇ. ಮದುವೆಮನೆಯಲ್ಲಿ ವಾಲಗದ ಮುಂದೋ, ಆರ್ಕೆಸ್ಟ್ರಾದ ಸ್ಪೀಕರ್ ಮುಂದೋ ಎರಡು ಗಂಟೆ ಕೂತು ಬಂದರೆ ಮಾರನೇ ದಿನದವರೆಗೂ ಸೂಕ್ಷ್ಮ ಸದ್ದು ಹಿಡಿಯುವ ಶಕ್ತಿ ತಗ್ಗಿರುತ್ತೆ. ರಾತ್ರಿಯಿಡೀ ಬಸ್ಸಿನ ಎಂಜಿನ್ ಪಕ್ಕ ಕೂತು ಬಂದರೂ ಸ್ವಲ್ಪ ಹಾಗೇ ಅನ್ನು. ನೀನು ಬೆಂಗಳೂರಿನಿಂದ ವಾಪಸ್ ಹೋದ ಬೆಳಿಗ್ಗೆ ಸೆಟ್ಟು ಹೇಗೆ ಕೇಳುತ್ತೆ?

ಸೊಸೆ: ಕೆಟ್ಟದಾಗಿ. ಆದರೆ ನಿದ್ದೆ ಇರಲ್ಲ, ಮನಸ್ಸೂ ಸರಿ ಇರಲ್ಲ ಅಂದುಕೊಂಡಿದ್ದೆ. ಒಂದು ಪ್ರಶ್ನೆ. ಮನಸ್ಸಿನ ಆಟ ಅಂತ ಎಲ್ಲರೂ ಹೇಳೋದು ಹೊಸ ವಸ್ತು ಕೊಂಡವರಿಗೆ. ದುಡ್ಡು ಕೊಟ್ಟಮೇಲೆ ಚೆನ್ನಾಗಿ ಕೇಳಲೇಬೇಕು, ಕೇಳುತ್ತೆ. ನಾನು ಏನೂ ಕೊಂಡಿಲ್ಲ. ನನಗೆ ಯಾವ ನಿರೀಕ್ಷೆ?

ಮಾವ: ಒಳ್ಳೇ ಪ್ರಶ್ನೆ. ಕೊಂಡವರ ವಿಷಯ ಫ್ಲಾಯ್ಡ್ ಟೂಲ್, ಶಾನ್ ಆಲಿವ್ 1994ರಲ್ಲಿ ಪರೀಕ್ಷೆ ಮಾಡಿಯೇ ತೋರಿಸಿದರು. ಅದೇ ಸ್ಪೀಕರ್‌ಗಳಿಗೆ ಕಣ್ಣಿಗೆ ಕಂಡಾಗ ಒಂದು ಅಂಕ, ಪರದೆ ಹಿಂದೆ ಇಟ್ಟಾಗ ಇನ್ನೊಂದು. ಪಳಗಿದ ಕೇಳುಗರೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ನಿನ್ನದು ನಿರೀಕ್ಷೆಯಲ್ಲ, ನೆನಪು. ಸ್ವರಸ್ಥಾನದ ನೆನಪು ನಿನಗೆ ಗಟ್ಟಿ, ಹದಿನೈದು ವರ್ಷ ಬಿಟ್ಟು ಕೇಳಿದರೂ ಶ್ರುತಿ ಇಳಿದದ್ದು ಗೊತ್ತಾಗುತ್ತೆ. ನಾದದ ಸೂಕ್ಷ್ಮದ ನೆನಪು ಹಾಗಲ್ಲ, ಕೆಲವು ಸೆಕೆಂಡು ದಾಟಿದರೆ ಮಸುಕು. ನಿನ್ನೆಯ ನಾದ ಅಂತ ನೀನು ಇಟ್ಟುಕೊಂಡಿರೋದು ನಿನ್ನೆಯ ಖುಷಿಯನ್ನ. ಇವತ್ತಿನ ಸದ್ದನ್ನು ಅದರ ಪಕ್ಕ ಇಟ್ಟು ತೂಗ್ತೀಯ.

ಸೊಸೆ: ಇದನ್ನು ನಾನು ಪೂರ್ತಿ ಒಪ್ಪಲ್ಲ. ಬಟ್ಟೆ ಒಣಹಾಕಿದ್ದು ಗೊತ್ತಿಲ್ಲದೇ ಮಂಕು ಅಂದದ್ದು ನಾನೇ ತಾನೇ? ನನ್ನ ನೆನಪು ಖುಷಿಯದ್ದೇ ಆಗಿದ್ದರೆ ಮಳೆಗಾಲವನ್ನೇ ಹುಡುಕಿ ಹಿಡಿಯುತ್ತಿರಲಿಲ್ಲ.

ಮಾವ: ಸರಿ, ಅದು ನಿನ್ನ ಗೆಲುವು. ಹಾಗಾದರೆ ಬರೆದಿಡು. ಒಂದೇ ಹಾಡು, ಒಂದೇ ಕುರ್ಚಿ, ವಾಲ್ಯೂಮ್ ನಾಬ್ ಮೇಲೆ ಸೀಮೆಸುಣ್ಣದ ಗುರುತು. ಕೇಳಿ ಮುಗಿದ ಮೇಲೆ ಚೆನ್ನಾಗಿತ್ತಾ, ಮಂಕಾಗಿತ್ತಾ ಒಂದು ಗೆರೆ. ವೋಲ್ಟೇಜ್ ಎಷ್ಟು, ಕರೆಂಟೋ ಇನ್ವರ್ಟರೋ, ಮಳೆ ಇತ್ತಾ, ಹಗ್ಗದ ಮೇಲೆ ಬಟ್ಟೆ ಇತ್ತಾ, ಶೀತವಾಗಿತ್ತಾ, ಇವನ್ನು ನಿನ್ನ ಗಂಡ ಬೇರೆ ಪುಸ್ತಕದಲ್ಲಿ ಬರೀಲಿ. ನೀನು ಅದನ್ನು ನೋಡಬೇಡ. ಮಳೆಗಾಲ ಮುಗಿದ ಮೇಲೆ ಎರಡೂ ಪುಸ್ತಕ ಅಕ್ಕಪಕ್ಕ ಇಡಿ. ನನ್ನ ಅಂದಾಜು, ವೋಲ್ಟೇಜಿನ ಸಾಲಿಗೂ ನಿನ್ನ ಗೆರೆಗೂ ಸಂಬಂಧವೇ ಕಾಣೋದಿಲ್ಲ. ಬಟ್ಟೆಯ ಸಾಲಿಗೆ ಕಾಣುತ್ತೆ.

ಸೊಸೆ: ಅಷ್ಟರವರೆಗೆ ಏನೂ ಕೊಳ್ಳೋದು ಬೇಡ?

ಮಾವ: ಸೈನ್ ವೇವ್ ಇನ್ವರ್ಟರ್ ತಗೊ, ಅದು ಫ್ಯಾನಿಗೂ ಒಳ್ಳೇದು. ಪ್ಲೇಯರ್‌ನ ಬೆಲ್ಟ್ ಹಿಗ್ಗಿರುತ್ತೆ, ಬದಲಿಸು. ಅರ್ಥಿಂಗ್ ಮಾಡಿಸು. ತೊಳೆಯುವ ಪೆಟ್ಟಿಗೆ ಬೇಡ. ಬಟ್ಟೆ ಬೇರೆ ಕೋಣೆಯಲ್ಲಿ ಒಣಹಾಕು.

ಸೊಸೆ: ಕೊನೆಯದೊಂದು ಆಗಲ್ಲ ಮಾವ. ಬೇರೆ ಕೋಣೆಗೆ ಗಾಳಿಯೇ ಬರಲ್ಲ, ಅಲ್ಲಿ ಹಾಕಿದರೆ ಬಟ್ಟೆಗೆ ಬೂಷ್ಟು.

ಮಾವ: ಹಾಗಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೆಬಲ್ ನಾಬನ್ನು ಒಂದು ಗೆರೆ ಮೇಲಿಡು. ದೊಡ್ಡ ಹೈಫೈ ಮಂದಿ ಅದನ್ನು ಮುಟ್ಟಬಾರದು ಅಂತಾರೆ. ಅವರ ಹಾಲ್‌ನಲ್ಲಿ ಯಾರೂ ಸೀರೆ ಒಣಹಾಕೋದಿಲ್ಲ.